ಸಮುದ್ರಕ್ಕೆ ಸಾಕಾಗುವಷ್ಟು ಮಾತು

ನಮ್ಮೂರಿನಲ್ಲಿ ಮಾತಾಡಿದರೆ ಕರೆಂಟು ಬರುತ್ತದೆ, ಸುಮ್ಮನಾದರೆ ಹೋಗುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲ. ನಿಮ್ಮ ಕಡೆ ನಲ್ಲಿ ತಿರುವಿದರೆ ನೀರು ಬರುತ್ತದಲ್ಲ, ಹಾಗೆ. ಗಂಡ ಹೆಂಡತಿ ಮಾತು ಬಿಟ್ಟ ಮನೆಯಲ್ಲಿ ಚಿಮಣಿ ದೀಪ ಹಚ್ಚಿರುತ್ತಾರೆ, ಆದ್ದರಿಂದ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಹಾದಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ. ಬೀಗರು ಬಂದಿಳಿದ ಮನೆಯ ಬಲ್ಬು ಕಣ್ಣು ಕುಕ್ಕುತ್ತದೆ. ನಿದ್ದೆಯಲ್ಲಿ ಬಡಬಡಿಸುವ ಅಜ್ಜ ಇದ್ದರೆ ಮನೆಮಂದಿಗೆಲ್ಲ ಫ್ಯಾನಿನ ಗಾಳಿ. ಅಂಥ ಅಜ್ಜನ ಮಂಚವನ್ನು ನಡುಮನೆಯಲ್ಲಿ, ಸೊಸೆಯಂದಿರೇ ಪೈಪೋಟಿಯ ಮೇಲೆ ಹಾಸಿ ಕೊಡುತ್ತಾರೆ. ಸಾಲೆಯಲ್ಲಿ ಹುಡುಗರು ಎಷ್ಟು ಗಟ್ಟಿಯಾಗಿ ಮಗ್ಗಿ ಒದರಿದರೂ ಜೀರೋ ಬಲ್ಬು ಹತ್ತುವುದಿಲ್ಲ, ಯಾಕೆಂದರೆ ಬಾಯಿಪಾಠದ ಮಾತಿಗೆ ಕರೆಂಟಿಲ್ಲ. ಮಾಸ್ತರರು ಹೊರಗೆ ಕಾಲಿಟ್ಟರೆ ಸಾಕು, ಅದೇ ಕೋಣೆಯ ಫ್ಯಾನು ಗಿರ್ರನೆ ತಿರುಗುತ್ತದೆ. ನಾಟಕದ ತಂಬಿನ ಬಾಗಿಲಲ್ಲಂತೂ ದೊಡ್ಡದೊಂದು ಬೋರ್ಡಿದೆ: ಪ್ರೇಕ್ಷಕರು ದಯಮಾಡಿ ಮಾತಾಡುತ್ತಿರಬೇಕು. ರಾಜನ ಪಾರ್ಟಿನವನದು ಬಾಯಿಪಾಠ, ರಾಣಿಯದೂ ಬಾಯಿಪಾಠ. ಕೆಳಗೆ ಕೂತವರು ರಾಣಿಯ ಸೀರೆ ಯಾರ ಮನೆಯದು, ರಾಜನ ಹೊಟ್ಟೆ ಯಾಕೆ ಹಾಗೆ ಬಂದಿದೆ ಎಂದು ಆಡಿಕೊಳ್ಳದಿದ್ದರೆ ರಂಗದ ಮೇಲೆ ದೀಪ ಹತ್ತುವುದು ಹೇಗೆ?

ನಾನು ನೀಲವ್ವ. ಸಂತಿ ಓಣಿಯ ಹಿಟ್ಟಿನ ಗಿರಣಿಯಲ್ಲಿ ಮಾತಾಡುವ ಕೆಲಸ ನನ್ನದು. ಜೋಳದ ಬುಟ್ಟಿ ಹೊತ್ತು ಬಂದವರ ಎದುರು ಗಿರಣಿ ಕಟ್ಟೆಯ ಮೇಲೆ ಕೂತು ಮಾತು ತೆಗೆದೆನೆಂದರೆ ಎರಡು ಕಲ್ಲು ಕೂಡಿಯೇ ತಿರುಗುತ್ತವೆ. ಇದು ಸುಲಭದ ಕೆಲಸ ಅಂದುಕೊಳ್ಳಬೇಡಿ. ಹೇಳಿದ್ದನ್ನೇ ಹೇಳಿದರೆ ಕರೆಂಟು ಇಳಿಯುತ್ತದೆ, ಹಿಟ್ಟು ರವೆಯಾಗುತ್ತದೆ, ರೊಟ್ಟಿ ಹರಿಯುತ್ತದೆ, ಹೆಂಗಸರು ಮರುದಿನ ಬಂದು ನನ್ನನ್ನೇ ಬೈಯುತ್ತಾರೆ. ದಿನಾ ಹೊಸ ಮಾತು ಬೇಕು. ದೇವರು ನನಗೆ ಅದೊಂದನ್ನು ಕೈತುಂಬ ಕೊಟ್ಟಿದ್ದಾನೆ.

ಅದರ ಲೆಕ್ಕ ಸರಿತೂಗಿಸಲಿಕ್ಕೋ ಏನೋ, ನನ್ನ ಗಂಡ ಪರಪ್ಪನಿಗೆ ಏನೂ ಕೊಡಲಿಲ್ಲ. ಅವನು ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಒಮ್ಮೆ ಸರಕು ಹೇರಿಕೊಂಡು ಸಮುದ್ರದ ತನಕ ಹೋಗಿಬಂದ. ನಮ್ಮೂರಿನಲ್ಲಿ ಸಮುದ್ರ ಕಂಡವನು ಅವನೊಬ್ಬನೇ. ಓಣಿಗೆ ಓಣಿಯೇ ನಮ್ಮ ಪಡಸಾಲೆಯಲ್ಲಿ ನೆರೆದು, "ಹೆಂಗಿತ್ತೋ ಪರಪ್ಪಣ್ಣ?" ಎಂದು ಕೇಳಿತು. ನನ್ನ ಗಂಡ ಬಹಳ ಹೊತ್ತು ಯೋಚಿಸಿ ಹೇಳಿದ: "ನೀರು." ಎಲ್ಲರೂ ಕಾದರು. ಆಮೇಲೆ ಇನ್ನೊಂದು ಮಾತು ಬಂತು: "ಭಾಳ." ಅಷ್ಟೇ. ಬಲ್ಬು ಒಮ್ಮೆ ಮಿಣುಕಿ ಆರಿತು, ಜನ ನಗುತ್ತ ಎದ್ದುಹೋದರು. ನಗದೆ ಕೂತಿದ್ದವಳು ನನ್ನ ಮಗಳು ದಾಕ್ಷಾಯಿಣಿ ಒಬ್ಬಳೇ. ಆಗಿನ್ನೂ ಚಿಕ್ಕವಳು. ಆ ಎರಡು ಶಬ್ದವನ್ನು ಪೆಪ್ಪರಮಿಂಟಿನ ಹಾಗೆ ಬಾಯಲ್ಲಿಟ್ಟುಕೊಂಡು ಕೂತಿದ್ದಳು.

ದಾಕ್ಷಿ ಅಪ್ಪನ ಮಗಳು. ಮಾತಿಗಿಂತ ತಲೆಯಾಡಿಸುವುದೇ ಹೆಚ್ಚು. ನಾನಿರುವಾಗ ಮನೆಯಲ್ಲಿ ಅವಳು ಮಾತಾಡುವ ಅಗತ್ಯವೂ ಬರಲಿಲ್ಲ ಅನ್ನಿ. ಯಾವುದೋ ಊರಿನ ಆಫೀಸಿನವರು ಬೇಡವೆಂದು ಕಟ್ಟಿಟ್ಟಿದ್ದ ಸಣ್ಣ ಪೆಟ್ಟಿಗೆಯ ಕಂಪ್ಯೂಟರನ್ನು ಅವಳಪ್ಪ ಲಾರಿಯಲ್ಲಿ ತಂದುಕೊಟ್ಟಿದ್ದ. ಅದರಲ್ಲಿ ತಾನೇ ತಡಕಾಡಿ ಚಿತ್ರ ಮಾಡುವುದನ್ನು ಕಲಿತಳು. ಊರಿನ ಬ್ಯಾನರುಗಳೆಲ್ಲ ಅವಳ ಕೈಯವೇ. ಹುಟ್ಟುಹಬ್ಬದ ಬ್ಯಾನರಿನಲ್ಲಿ ಕರಿ ಮುಖದವರನ್ನು ಬೆಳ್ಳಗೆ ಮಾಡಿ, ಇಲ್ಲದವರಿಗೆ ಮೀಸೆ ಹಚ್ಚಿ, ಅವಳಿಗೂ ಸಾಕಾಗಿತ್ತು, ಅದು ನನಗೆ ಅವಳ ಬೆನ್ನು ನೋಡಿಯೇ ತಿಳಿಯುತ್ತಿತ್ತು. ಹಗಲು ನಾನು ಗಿರಣಿಯಿಂದ ಬಂದು ಪಡಸಾಲೆಯಲ್ಲಿ ಕೂತು ಮಾತಾಡುತ್ತೇನೆ, ಒಳಗೆ ಅವಳ ಕಂಪ್ಯೂಟರ್ ನಡೆಯುತ್ತದೆ. ಹೀಗೆ ನಮ್ಮ ಸಂಸಾರ.

ಇಂಥದ್ದರಲ್ಲಿ ಒಂದು ದಿನ ನಾಟಕ ಕಂಪನಿಯ ವಿರುಪಣ್ಣ ಮಾಸ್ತರರು ಮನೆಗೇ ಬಂದರು. ಅವರ ಹೊಸ ನಾಟಕದಲ್ಲಿ ಹಡಗು ಮುಳುಗುತ್ತದೆ. ಕಂಪನಿಯ ಹಳೆಯ ಸಮುದ್ರದ ಪರದೆಯನ್ನು ಇಲಿ ಕಡಿದು ಸಮುದ್ರದ ನಟ್ಟನಡುವೆ ಒಂದು ಕೊಡ ಹಾಯುವಷ್ಟು ತೂತು ಬಿದ್ದಿತ್ತು. "ತಂಗಿ ದಾಕ್ಷಿ, ನೀ ಕಂಪ್ಯೂಟರಿನ್ಯಾಗ ಅಲ್ಲಾಡೋ ಚಿತ್ರ ಮಾಡ್ತೀಯಂತಲ್ಲ. ನಂಗ ಒಂದು ಸಮುದ್ರ ಬೇಕವ್ವ. ಅಲಿ ಏಳಬೇಕು, ಬೀಳಬೇಕು. ಹುಣ್ಣಿಮಿಗೆ ಮೊದಲನೇ ಆಟ. ಚಲೋ ಆತಂದ್ರ ಇನ್ನ ಮುಂದ ಕಂಪನಿ ಸೀನರಿ ಎಲ್ಲಾ ನಿಂದ: ಕಾಡು, ಅರಮನಿ, ಸ್ವರ್ಗ, ಏನ್ ಬೇಕಾದ್ದು. ಆಗಲಿಲ್ಲಂದ್ರ ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು ನೀಲಿ ಸೀರಿ ಅಲ್ಲಾಡಸ್ತಾರ. ಅದರಾಗ ಹಡಗ ಮುಳುಗಸೂದು, ಮತ್ತೇನ್ ಮಾಡೂದು?" ದಾಕ್ಷಿ ತಲೆಯಾಡಿಸಿದಳು. ಆದರೆ ಆ ತಲೆಯಾಡಿಸುವಿಕೆ ಬೇರೆ ಇತ್ತು. ನಾನು ಹೆತ್ತವಳು, ನನಗೆ ಗೊತ್ತಾಗುವುದಿಲ್ಲವೇ? ಅವಳು ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಪೆಪ್ಪರಮಿಂಟು ಅದು.

ತೊಂದರೆ ಏನೆಂದರೆ ಕಂಪ್ಯೂಟರಿಗೆ ಸಮುದ್ರ ಎತ್ತಲಾಗಲಿಲ್ಲ. ಒಂದು ಅಲೆ ಏಳುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು, ಮುದುಕಿ ಮೆಟ್ಟಿಲು ಹತ್ತಿದ ಹಾಗೆ ದಮ್ಮು ತೆಗೆದುಕೊಂಡು ಮತ್ತೆ ಏಳುತ್ತಿತ್ತು. ನಾನು ಮಗಳನ್ನು ಕರೆದುಕೊಂಡು ರಾಜೇಸಾಬನ ಅಂಗಡಿಗೆ ಹೋದೆ. ರಾಜೇಸಾಬ ನಮ್ಮೂರಿನ ಕಂಪ್ಯೂಟರ್ ರಿಪೇರಿಯವನು, ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು ಬೆಸುಗೆ ಕಡ್ಡಿ ಕಾಯಿಸಿಕೊಳ್ಳುವ ಜಾಣ. "ನೀಲಕ್ಕಾ, ಚಿತ್ರ ಅಲ್ಲಾಡಬೇಕಂದ್ರ ಗ್ರಾಫಿಕ್ಸ್ ಕಾರ್ಡ್ ಬೇಕ. ಅದು ಕಂಪ್ಯೂಟರಿನ ಕಣ್ಣಿದ್ದಂಗ," ಎಂದು ಕಪಾಟಿನಿಂದ ಎರಡು ತೆಗೆದಿಟ್ಟ. ಒಂದು ಅಂಗೈಯಷ್ಟು, ಒಂದೇ ಫ್ಯಾನಿನದು. ಇನ್ನೊಂದು ಮೊಳದುದ್ದ, ಮೂರು ಫ್ಯಾನು, ಮೈಯೆಲ್ಲ ಬಣ್ಣದ ದೀಪ, ಮದುವೆ ಕುದುರೆಯ ಹಾಗೆ ಸಿಂಗಾರಗೊಂಡಿತ್ತು.

"ಅವ್ವಾ, ನಮ್ಮ ಪೆಟಗ್ಯಾಗ..." ಎಂದು ದಾಕ್ಷಿ ಬಾಯಿ ತೆರೆದಳು. "ನೀ ಸುಮ್ನಿರವ್ವ, ಸಮುದ್ರ ಅಂದ್ರ ಸಣ್ಣದೇನು? ನಿಮ್ಮಪ್ಪ ಭಾಳ ಅಂದಿದ್ದಾನ," ಎಂದು ನಾನು ಮೂರು ಫ್ಯಾನಿನದನ್ನೇ ಎತ್ತಿಕೊಂಡೆ. ರಾಜೇಸಾಬ, "ಇದು ಸ್ವಲ್ಪ ಹೊಟ್ಟಿಬಾಕ ನೀಲಕ್ಕ, ಕರೆಂಟ್ ಭಾಳ ತಿಂತೈತಿ," ಎಂದ. ನನಗೆ ನಗು ಬಂತು. "ಯಾರ ಮುಂದ ಹೇಳ್ತೀಯೋ ತಮ್ಮಾ? ಎರಡು ಕಲ್ಲು ತಿರುಗಸಾಕಿ ನಾ. ಇದೊಂದು ಕಾರ್ಡ್‌ಗೆ ಊಟಾ ಹಾಕೂದು ನಂಗ ಆಗೂದಿಲ್ಲೇನು?" ಅವನಿಗೂ ಅದು ಸರಿಯೆನ್ನಿಸಿತು. ಒಳಗಿನ ವೈರಿಗೆ ಇನ್ನೊಂದು ವೈರು ಗಂಟುಹಾಕಿ ಕಾರ್ಡನ್ನು ಕೂರಿಸಿಕೊಟ್ಟ. ಅದು ಪೆಟ್ಟಿಗೆಯಲ್ಲಿ ಹಿಡಿಸದೆ, ಒಂದು ಬದಿಯ ತಗಡು ತೆಗೆದೇ ಇಡಬೇಕಾಯಿತು.

ಮನೆಗೆ ಬಂದು ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮಾತು ಶುರು ಮಾಡಿದೆ. ಕೇಳುವವರು ಇರಲಿ ಎಂದು ಎದುರು ಮನೆಯ ಶಾಂತವ್ವನನ್ನೂ ಅವಳ ಪಕ್ಕದ ಬಾಳವ್ವನನ್ನೂ ಕರೆದೆ. ಕಂಪ್ಯೂಟರ್ ಝಗ್ಗನೆ ಹತ್ತಿತು, ಕಾರ್ಡಿನ ಬಣ್ಣದ ದೀಪ ಗೋಡೆಯ ಮೇಲೆಲ್ಲ ಕುಣಿದವು. ದಾಕ್ಷಿ ಸಮುದ್ರ ತೆರೆದಳು. ಅಲೆ ಒಂದಿಷ್ಟು ತಲೆಯೆತ್ತಿತು, ಅಷ್ಟರಲ್ಲಿ ಎಲ್ಲ ಕಪ್ಪಾಯಿತು. ಮನೆಯ ಬಲ್ಬು ಹಾಗೇ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಕಂಪ್ಯೂಟರ್ ಮಾತ್ರ ಸತ್ತಿದೆ. ಮತ್ತೆ ಹಚ್ಚಿದೆವು, ಮತ್ತೆ ಹೋಯಿತು. "ನನ್ನ ಮಾತ ಸಾಲವಲ್ದು," ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ದಾಕ್ಷಿ, "ಅದಲ್ಲವ್ವಾ..." ಎನ್ನುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಗಿರಣಿಗೆ ಓಡಿದ್ದೆ. ಪಾಳಿಯಲ್ಲಿ ನಿಂತವರನ್ನೆಲ್ಲ ಜೋಳದ ಬುಟ್ಟಿ ಸಮೇತ ಮನೆಗೆ ಕರೆತಂದೆ. ಅವರು ಎಲೆಅಡಿಕೆ ಹಾಕಿಕೊಂಡು ಮಾತಿಗೆ ಕೂತದ್ದೇ ತಡ, ಬಲ್ಬು ನಿಂಬೆಹಣ್ಣಿನ ಬಣ್ಣದಿಂದ ಸುಣ್ಣದ ಬಣ್ಣಕ್ಕೆ ಬಂತು, ಫ್ಯಾನಿನ ಗಾಳಿಗೆ ಕ್ಯಾಲೆಂಡರ್ ಹಾರಿ ಅಡುಗೆ ಮನೆಗೆ ಹೋಯಿತು. ಕಂಪ್ಯೂಟರ್ ಮಾತ್ರ ಅಲೆ ತಲೆಯೆತ್ತುತ್ತಲೇ ಟಕ್ಕನೆ ಕಣ್ಣು ಮುಚ್ಚಿಕೊಂಡಿತು.

ನಮ್ಮೂರವರಿಗೆ ಇಂಥಲ್ಲಿ ತಿಳಿದಿರುವ ಉಪಾಯ ಒಂದೇ. ಮಾತು ಸಾಲದಿದ್ದರೆ ಜಗಳ. ಜಗಳದ ಕರೆಂಟಿಗೆ ಸಮ ಯಾವುದೂ ಇಲ್ಲ, ಕಬ್ಬಿನ ಗಾಣದವರು ವರ್ಷಕ್ಕೊಮ್ಮೆ ದಾಯಾದಿಗಳನ್ನು ಕರೆಸುವುದು ಅದಕ್ಕೇ. ಆದರೆ ಸುಳ್ಳು ಜಗಳ ನಡೆಯುವುದಿಲ್ಲ, ಅದೂ ಬಾಯಿಪಾಠದ ಲೆಕ್ಕವೇ. ಖರೇ ಜಗಳ ಬೇಕು. ನನಗೆ ಶಾಂತವ್ವ ಮತ್ತು ಬಾಳವ್ವನ ನಡುವೆ ಬೂದಿ ಮುಚ್ಚಿದ ಕೆಂಡವೊಂದು ಇರುವುದು ಗೊತ್ತಿತ್ತು. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಮಗಳ ಮುಖ ನೋಡಿದೆ, ಬೂದಿ ಊದಿದೆ. "ಅಲ್ಲ ಶಾಂತವ್ವಾ, ಆ ನಿನ್ನ ರೊಟ್ಟಿ ಹಂಚು ಸೀಳಿತ್ತಲ್ಲ, ಅದು ಸೀಳಿದ್ದು ಯಾರ ಒಲಿ ಮ್ಯಾಲ?"

ಅಷ್ಟೇ ಸಾಕಾಯಿತು. "ಯಾರ ಒಲಿ ಮ್ಯಾಲ ಅಂತ ಈ ಮಹಾತಾಯಿನ್ನ ಕೇಳ! ನಮ್ಮತ್ತಿ ಕಾಲದ ಹಂಚು, ಒಂದ ದಿನಕ್ಕ ಅಂತ ಒಯ್ದಾಕಿ ಎರಡ ಹೋಳ ಮಾಡಿ ತಂದ್ಲು!" "ಮೊದಲ ಸೀಳಿದ್ದನ್ನ ಕೊಟ್ಟು ನನ್ನ ಮ್ಯಾಲ ಹಾಕ್ತೀಯೇನ ಬಾಯಿಬಡಕಿ? ನಿನ್ನ ರೊಟ್ಟಿ ತಿಂದ ನಿನ್ನ ಗಂಡನ ಹಲ್ಲ ಸೀಳಿದ್ದೂ ನನ್ನಿಂದಾ ಏನು?" "ನನ್ನ ಗಂಡನ ಹಲ್ಲಿನ ಸುದ್ದಿಗೆ ಬಂದ್ರ ನೋಡ!" ಪಾಳಿಯವರು ಎರಡು ಪಕ್ಷವಾದರು. ಬಿಡಿಸಲೆಂದು ನಡುವೆ ಹೋದ ನಾನು ಎಲ್ಲರಿಗಿಂತ ಗಟ್ಟಿಯಾಗಿ ಚೀರಿದೆ. ಅಡುಗೆ ಮನೆಯ ಬಲ್ಬು ಒಡೆಯಿತು, ಇಸ್ತ್ರಿ ಪೆಟ್ಟಿಗೆ ತಾನಾಗಿ ಕಾದು ಚಾಪೆ ಸುಟ್ಟಿತು. ಆಗ ಒಳಗಿನಿಂದ ಟಪ್ ಎಂದು ಸಪ್ಪಳ, ಹಿಂದೆಯೇ ಒಗ್ಗರಣೆ ಕರಕಾದಂಥ ವಾಸನೆ. ಎಲ್ಲರ ಬಾಯಿ ಒಮ್ಮೆಲೇ ಮುಚ್ಚಿತು. ಕತ್ತಲಲ್ಲಿ ದಾಕ್ಷಿ ಕಂಪ್ಯೂಟರಿನ ಮುಂದೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದಳು.

ಏನಾಯಿತೆಂದು ಕೇಳಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಡಾಕ್ಟರು ಟಾರ್ಚು ಬಿಟ್ಟು ಗಂಟಲು ನೋಡಿ, "ನೀಲವ್ವ, ಒಳಗ ಕೆಂಪ ಮೆಣಸಿನಕಾಯಿ ಒಣಗಿಸಿದಂಗ ಆಗೇತಿ. ನಾಟಕ ಮುಗಿಯೋತನಾ ಒಂದ ಮಾತ ಆಡಿದ್ರೂ ಗಂಟಲ ಕಾಯಂ ಹೋಗ್ತೈತಿ ನೋಡು," ಎಂದು ಹೆದರಿಸಿದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದೆ. ಗಿರಣಿ ನಿಂತಿತು. ಶಾಂತವ್ವ, ಬಾಳವ್ವ ಮಾತು ಬಿಟ್ಟರು, ಅವರ ಪಕ್ಷದವರೂ ಬಿಟ್ಟರು. ಸಂಜೆ ನೋಡಿದರೆ ಇಡೀ ಓಣಿಯಲ್ಲಿ ಸಾಲಾಗಿ ಚಿಮಣಿ ದೀಪ. ಹಾದಿಯವರು, "ಏನಾಗೇತ್ರೀ ಈ ಓಣಿಗೆ?" ಎಂದು ಕೇಳಿದರೆ ಉತ್ತರ ಕೊಡುವವರೂ ಇಲ್ಲ.

ಮರುದಿನ ರಾಜೇಸಾಬ ಬಂದು ಪೆಟ್ಟಿಗೆ ಬಿಚ್ಚಿದ. ಮೂಲೆಯಲ್ಲಿದ್ದ ಸಣ್ಣ ತಗಡಿನ ಡಬ್ಬಿಯೊಂದನ್ನು ಹೊರತೆಗೆದು ಮೂಸಿ ಮುಖ ಕಿವುಚಿದ. "ಇದ ನೋಡ ನೀಲಕ್ಕಾ, ಪವರ್ ಸಪ್ಲೈ. ಮನ್ಯಾಗಿನ ಕರೆಂಟ್ ಎಲ್ಲಾ ಇದರ ಬಾಯಿಂದನ ಒಳಗ ಹೋಗಬೇಕು. ಇದು ಆಫೀಸಿನ ಮಷೀನು, ಪತ್ರ ಟೈಪ್ ಮಾಡಾಕಷ್ಟ ಮಾಡಿದ್ದು. ಕೆರಿ ತುಂಬ ನೀರಿದ್ರ ಏನ್ ಬಂತು? ತೂಬು ಬೆರಳಿನಷ್ಟ ಐತಿ. ನೀ ಕೆರಿನ ಉಕ್ಕಿಸಿದಿ, ತೂಬು ಒಡೀತು. ತಪ್ಪ ನಂದೂ ಐತಿ, ಮಾರೋ ಹುರುಪಿನ್ಯಾಗ ಡಬ್ಬಿ ನೋಡಲೇ ಇಲ್ಲ." ದೊಡ್ಡ ಡಬ್ಬಿ ಹಾಕು ಎಂದು ನಾನು ಎರಡೂ ಕೈ ಅಗಲಿಸಿ ತೋರಿಸಿದೆ. "ಕೂಡೂದಿಲ್ಲಕ್ಕ. ಈ ಸಣ್ಣ ಪೆಟಗಿಗೆ ಇದ ಅಳತಿದ ಆಗಬೇಕು. ನನ್ನ ಗುಜರಿಯಾಗ ಇಂಥಾದ ಒಂದು ಐತಿ, ಹಾಕ್ತೀನಿ. ಆದರ ಈ ಹೊಟ್ಟಿಬಾಕನ್ನ ನಾ ವಾಪಸ್ ಒಯ್ತೀನಿ."

ಆಗ ದಾಕ್ಷಿ ಮೆಲ್ಲಗೆ, "ಕಾಕಾ, ಆ ಸಣ್ಣ ಕಾರ್ಡ್ ಕೊಡ್ರಿ. ಅದಕ್ಕ ಬ್ಯಾರೆ ವೈರ್ ಬೇಕಾಗಿಲ್ಲ, ಕುಂತ ಜಾಗದಾಗ ಎಷ್ಟ ಸಿಗ್ತೈತಿ ಅಷ್ಟರಾಗ ನಡಿತೈತಿ. ಅವತ್ತ ಅಂಗಡ್ಯಾಗ ಅದನ್ನ ಹೇಳಾಕ ಬಂದಿದ್ನಿ," ಎಂದಳು. ನನ್ನ ಕಡೆ ನೋಡಲಿಲ್ಲ. ಕುತ್ತಿಗೆಯ ಬಟ್ಟೆ ಸರಿಮಾಡಿಕೊಳ್ಳುವ ನೆಪದಲ್ಲಿ ನಾನೂ ಬೇರೆ ಕಡೆ ನೋಡಿದೆ. ರಾಜೇಸಾಬ ಸಣ್ಣ ಕಾರ್ಡು ಕೂರಿಸಿದ. ತೆಗೆದಿಟ್ಟ ತಗಡು ತನ್ನ ಜಾಗಕ್ಕೆ ಸರಿಯಾಗಿ ಕೂತಿತು. "ಇದು ನಿಧಾನ ತಂಗಿ. ನೀರ ಹೊರೋ ಎಮ್ಮಿ ಇದ್ದಂಗ, ಓಡೂದಿಲ್ಲ, ನಿಲ್ಲೂದೂ ಇಲ್ಲ. ಆದರ ಒಂದ: ಒಂದ ಅಲಿ ಮುಗಿಯೋತನಾ ಕರೆಂಟ್ ನಡುವ ಕಡೀಬಾರದು, ಕಡೀತಂದ್ರ ಆ ಅಲಿ ಮೊದಲಿಂದ ಮಾಡಬೇಕು. ಸಣ್ಣ ಧಾರಿ ಸಾಕು, ತುಂಡಾಗದ ಧಾರಿ ಬೇಕು." ಹೇಳುವಷ್ಟು ಹೊತ್ತು ದೀಪವಿತ್ತು. ಅವನು ಅಂಗಡಿಗೆ ಹೋದ. ದೀಪವೂ ಅವನ ಹಿಂದೆಯೇ ಹೋಯಿತು.

ಮಧ್ಯಾಹ್ನದ ಬಿಸಿಲು ಗವಾಕ್ಷಿಯಿಂದ ಇಳಿದು ಕಂಪ್ಯೂಟರಿನ ಮೇಲೆ ಬಿದ್ದಿತ್ತು. ನಾನೂ ಮಗಳೂ ಎದುರುಬದುರು ಕೂತೆವು. ಆಡಲಾರದ ತಾಯಿ, ಆಡದ ಮಗಳು. ನಾನು ಅವಳ ಕಡೆ ಕೈ ಮಾಡಿ, ಬಾಯಿಯ ಮುಂದೆ ಬೆರಳು ಬಿಚ್ಚಿ ಮುಚ್ಚಿ ತೋರಿಸಿದೆ. "ನಾ ಏನ್ ಮಾತಾಡ್ಲಿ?" ಎಂದಳು. ಬಲ್ಬಿನೊಳಗೆ ಊದುಬತ್ತಿಯ ತುದಿಯಷ್ಟು ಕೆಂಪು ಮೂಡಿತು. ಇನ್ನೂ ಎಂದು ಕೈಯಾಡಿಸಿದೆ. "ಇವತ್ತ ಪಲ್ಯಾ ಏನ್ ಮಾಡೂದು?" ಮತ್ತೆ ಕೆಂಪು, ಮತ್ತೆ ಕಪ್ಪು. ನನ್ನ ನಾಲಿಗೆಯ ತುದಿಗೆ ಬಂದು ನಿಂತ ಮಾತುಗಳನ್ನು ಲೆಕ್ಕ ಹಾಕಿದರೆ ಎರಡು ಚೀಲ ಜೋಳ ಬೀಸಬಹುದಿತ್ತು. ಹಲ್ಲು ಕಚ್ಚಿ ಕೂತೆ. ಕೊನೆಗೆ ತಡೆಯಲಾರದೆ ಕಂಪ್ಯೂಟರಿನ ತೆರೆಯನ್ನು ಬೆರಳಿಂದ ತಟ್ಟಿ, ಇದೇನು ಎಂಬಂತೆ ಹುಬ್ಬು ಹಾರಿಸಿದೆ.

ಅದರತ್ತ ನೋಡಿದವಳೇ ನನ್ನನ್ನು ಮರೆತಳು. "ಇದು ಅಲಿ. ಅಪ್ಪ ನೀರು ಅಂದಿದ್ದ, ಭಾಳ ಅಂದಿದ್ದ, ಅಷ್ಟ ಇಟ್ಕೊಂಡ ಶುರು ಮಾಡಿದ್ನಿ," ಎಂದಳು. ಕಂಪ್ಯೂಟರ್ ಹತ್ತಿತು. ಕೈ ಕೆಲಸ ಮಾಡುತ್ತಿದ್ದ ಹಾಗೆ ಬಾಯಿ ತನ್ನಷ್ಟಕ್ಕೆ ನಡೆಯಿತು. "ಮೊದಲ ಜ್ವಾಳದ ಹೊಲದಾಗ ಗಾಳಿ ಬೀಸಿದಂಗ ಮಾಡಿದ್ನಿ. ಚಂದ ಕಾಣ್ತಿತ್ತು, ಆದರ ಖರೆ ಅನಸ್ತಿರಲಿಲ್ಲ. ಗಾಳಿ ಒಂದ ಕಡೆ ಹೋಗಿಬಿಡ್ತೈತಿ, ಹೊಳ್ಳಿ ಬರೂದಿಲ್ಲ. ಸಮುದ್ರ ಹೊಳ್ಳಿ ಬರಬೇಕಲ್ಲ? ಆಮ್ಯಾಲೆ ನಿನ್ನ ಸೀರಿ ಒಣ ಹಾಕಿದ್ದನ್ನ ನೋಡಿ ಮಾಡಿದ್ನಿ. ಅದೂ ಆಗಲಿಲ್ಲ. ಒಂದ ದಿನ ಒಳಗ ಕುಂತಿದ್ನಿ, ನೀ ಪಡಸಾಲ್ಯಾಗ ಮಾತಾಡಾಕತ್ತಿದ್ದಿ. ಏನ್ ಮಾತಾಡ್ತೀ ಅಂತ ಕೇಳಲಿಲ್ಲ ನಾ, ಹೆಂಗ ಮಾತಾಡ್ತೀ ಅಂತ ಕೇಳಿದ್ನಿ. ನೀ ಒಂದ ಸುದ್ದಿ ಎತ್ತತೀ, ಅದು ಮುಗಿಯೂಕಿಂತ ಮೊದಲ ಅದರ ಬೆನ್ನ ಮ್ಯಾಲ ಇನ್ನೊಂದ ಹತ್ತತೈತಿ. ಎಲ್ಲಾ ಕೂಡಿ ಮ್ಯಾಲ ಏಳತಾವ, ಇನ್ನೇನು ಬೀಳತೈತಿ ಅನ್ನೂದ್ರಾಗ 'ಅದಿರಲಿ' ಅಂತೀ. ಎಲ್ಲಾ ಸರ್ ಅಂತ ಹಿಂದ ಸರೀತಾವ. ಒಂದ ಸ್ವಲ್ಪ ಉಸಿರ ತಗೋತೀ. ಮತ್ತ ಮೊದಲಿಂದ. ಅದನ್ನ ಕೇಳಿ ಕೇಳಿ ಅಳತಿ ಹಿಡಿದ್ನಿ. ಇಲ್ನೋಡು, ಈ ಸಣ್ಣ ಅಲಿ ಐತಲ್ಲ, ಇದು ನೀ ಬಾಳವ್ವಾಯಿ ಸುದ್ದಿ ಹೇಳೂದು. ಹಿಂದ ದೊಡ್ಡದು ಬರಾಕತ್ತೈತಲ್ಲ, ಅದು ಅಪ್ಪಗ ಬೈಯೂದು."

ನಾನು ತೆರೆ ನೋಡಿದೆ. ನೀಲಿ ನೀರು ಒಂದರ ಮೇಲೊಂದು ಏರಿ, ತುದಿಯಲ್ಲಿ ಬೆಳ್ಳಗಾಗಿ, ಅದಿರಲಿ ಎಂದು ಹಿಂದೆ ಸರಿಯಿತು. ನನಗೆ ಏನೇನೋ ಹೇಳಬೇಕೆನಿಸಿತು. ಡಾಕ್ಟರರ ಪುಣ್ಯ, ಹೇಳಲಿಲ್ಲ. ಅವಳ ಮಾತಿನ ಕರೆಂಟು ನನ್ನದರಂತೆ ಏರಿ ಇಳಿಯುವಂಥದ್ದಲ್ಲ. ಬಲ್ಬು ಹೊತ್ತಿದ್ದು ದೇವರ ಮುಂದಿನ ನಂದಾದೀಪದಷ್ಟೇ, ಆದರೆ ಒಮ್ಮೆಯೂ ಮಿಣುಕಲಿಲ್ಲ. ಸಣ್ಣ ಕಾರ್ಡು ಅದನ್ನು ಗುಟುಕು ಗುಟುಕಾಗಿ ಕುಡಿದು ಅಲೆಯ ಮೇಲೆ ಅಲೆ ಮಾಡಿತು. ಹೊತ್ತು ಇಳಿಯಿತು. ದಾಕ್ಷಿ ನೀರಿನ ಮೇಲೆ ಬೆಳಕು ಹೇಗೆ ಒಡೆಯುತ್ತದೆ ಎಂಬುದನ್ನು ಹೇಳಿದಳು, ಬ್ಯಾನರಿನ ಮೀಸೆಗಳನ್ನು ಬೈದಳು, ಅಪ್ಪನ ಲಾರಿಯಲ್ಲಿ ಒಮ್ಮೆ ಹೋಗಬೇಕೆಂದಳು, ನನ್ನ ಹುಳಿಯಲ್ಲಿ ಉಪ್ಪು ಜಾಸ್ತಿ ಎಂದು ಹುಟ್ಟಿದಾಗಿನಿಂದ ಹೇಳಬೇಕೆಂದಿದ್ದಳಂತೆ, ಅದನ್ನೂ ಹೇಳಿದಳು. ಅದಕ್ಕೆ ಮಾತ್ರ ನಾನು ಕಣ್ಣು ದೊಡ್ಡದು ಮಾಡಿದೆ. ಮಾರನೆಯ ದಿನವೂ ಕೂತೆವು. ಅದರ ಮಾರನೆಯ ದಿನ ಸಮುದ್ರ ಮುಗಿಯಿತು.

ಹುಣ್ಣಿಮೆಯ ಸಂಜೆ ತಂಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರಪ್ಪ ಲಾರಿಯನ್ನು ಹಾದಿಬದಿಗೆ ನಿಲ್ಲಿಸಿ ನೇರವಾಗಿ ಅಲ್ಲಿಗೇ ಬಂದಿದ್ದ, ಗಂಡಸರ ಕಡೆ ಕಂಬಕ್ಕೆ ಒರಗಿ ಕೂತಿದ್ದ. ನಾನು ಹೆಂಗಸರ ಕಡೆ, ದಾಕ್ಷಿ ಕಂಪ್ಯೂಟರು, ಪ್ರೊಜೆಕ್ಟರು ಇಟ್ಟುಕೊಂಡು ರಂಗದ ಹಿಂದೆ. ನನ್ನ ಎಡಕ್ಕೆ ಶಾಂತವ್ವ, ಬಲಕ್ಕೆ ಬಾಳವ್ವ, ಇಬ್ಬರಿಗೂ ನನ್ನೊಡನೆಯೂ ಮಾತಿಲ್ಲ, ತಮ್ಮೊಳಗೂ ಇಲ್ಲ. ನಮ್ಮ ಓಣಿಯವರ ಕೊರತೆಯನ್ನು ಉಳಿದ ಓಣಿಗಳು ತುಂಬಿದ್ದವು. ರಾಜನ ಹೊಟ್ಟೆ ಹೋದ ಸಲಕ್ಕಿಂತ ಮುಂದೆ ಬಂದಿದೆ ಎಂಬ ವಿಷಯದ ಮೇಲೆಯೇ ಮೊದಲ ಎರಡು ಅಂಕ ಝಗಝಗ ನಡೆದವು. ಮೂರನೆಯ ಅಂಕಕ್ಕೆ ಪರದೆ ಸರಿಯಿತು. ಹಿಂದಿದ್ದ ಬಿಳಿ ಬಟ್ಟೆಯ ಮೇಲೆ ದಾಕ್ಷಿಯ ಸಮುದ್ರ ಎದ್ದಿತು.

ತಂಬಿನಷ್ಟಗಲ ನೀರು. ಭಾಳ. ಅಲೆಯ ಬೆನ್ನ ಮೇಲೆ ಅಲೆ ಹತ್ತಿ, ಹಡಗಿಗಿಂತ ಎತ್ತರ ಎದ್ದು, ಇನ್ನೇನು ನಮ್ಮ ಮೇಲೇ ಬಿತ್ತು ಎನ್ನುವಂತೆ ಬಾಗಿತು. ಮುಂದೆ ಕೂತವರು ಕಾಲು ಎಳೆದುಕೊಂಡರು. ಎಲೆಅಡಿಕೆ ಜಗಿಯುತ್ತಿದ್ದ ಬಾಯಿಗಳು ತೆರೆದಲ್ಲೇ ನಿಂತವು. ರಾಜ ತನ್ನ ಮಾತು ಮರೆತು ತಿರುಗಿ ನಿಂತು ತಾನೂ ನೋಡಿದ. ಇಡೀ ತಂಬಿನಲ್ಲಿ ಒಬ್ಬರೂ, ಒಂದೇ ಒಂದು ಮಾತೂ ಆಡಲಿಲ್ಲ.

ದೀಪ ಆರಿತು. ಸಮುದ್ರ ಹೋಯಿತು. ಗವ್ವೆನ್ನುವ ಕತ್ತಲೆ.

ನಮ್ಮೂರಿನಲ್ಲಿ ಹೀಗೆ ಹಿಂದೆ ಆದದ್ದಿಲ್ಲ. ಒಂದು ಮಾತು ಆಡಿದರೆ ಬೆಳಕು ಬರುತ್ತದೆ ಎಂದು ಎಲ್ಲರಿಗೂ ಗೊತ್ತು, 'ಕರೆಂಟ್ ಹೋತು' ಅಂದರೂ ಸಾಕು. ಆದರೆ ಯಾರಿಗೂ ಬಾಯಿ ಬರಲಿಲ್ಲ. ಆ ನೀರು ಇನ್ನೂ ಎಲ್ಲರ ಕಣ್ಣಲ್ಲೇ ಇತ್ತು. ನಾನು ಎದ್ದು ನಿಂತೆ. ಗಂಟಲು ಹೋದರೆ ಹೋಗಲಿ, ಮಗಳ ಸಮುದ್ರ ಹೀಗೆ ಆರಿಹೋಗಬಾರದು ಎಂದು ಬಾಯಿ ತೆರೆದೆ. ಬಂದದ್ದು ಗಾಳಿಯೇ. ಅಷ್ಟರಲ್ಲಿ ರಂಗದ ಹಿಂದಿನಿಂದ ಒಂದು ಧ್ವನಿ ಕೇಳಿತು, ಸಣ್ಣದು, ನಡುಗದ್ದು. "ಅಪ್ಪಾ, ಹಿಂಗ ಇತ್ತೇನು?"

ಬಿಳಿ ಬಟ್ಟೆಯ ಮೇಲೆ ತೆಳ್ಳಗೆ ಬೆಳಕು ಮೂಡಿತು. ತಂಬಿಗೆ ತಂಬೇ ಕಂಬದ ಕಡೆ ತಿರುಗಿತು. ನನ್ನ ಗಂಡ ಎದ್ದು ನಿಂತ. ಟೊಂಕದ ಟಾವೆಲು ತೆಗೆದು ಮುಖ ಒರೆಸಿಕೊಂಡ. ಅವನಿಗೆ ಬಹಳ ಹೊತ್ತು ಬೇಕು ಎಂಬುದು ನನಗೆ ಗೊತ್ತು. ಬೆಳಕು ಮತ್ತೆ ಸಣ್ಣಗಾಗುತ್ತ ಬಂತು. "ಹಿಂಗ ಇತ್ತವ್ವ," ಎಂದ. ಎಲ್ಲರೂ ಕಾದರು. "ಆದರ ಸಪ್ಪಳ ಭಾಳ ಇತ್ತು. ಒಂದ ನಿಮಿಷ ಸುಮ್ನಿರೂದಿಲ್ಲ ಅದು. ಬಂದು ಬಂದು ಕಾಲ ಹಿಡೀತಿತ್ತು. ನಾ ಅಲ್ಲಿ ಲಾರಿ ನಿಲ್ಲಿಸಿ ಹೊತ್ತ ಮುಳುಗೋತನಾ ಕುಂತಿದ್ದೆ. ನಿಮ್ಮವ್ವನ ನೆನಪ ಭಾಳ ಆಗಿತ್ತು. ಅದನ್ನ ಮಂದ್ಯಾಗ ಹೆಂಗ ಹೇಳೂದಂತ ಅವತ್ತ ಹೇಳಲಿಲ್ಲ."

ಆಮೇಲೆ ತಂಬು ಬಿರಿಯಿತು. ಗಂಡಸರ ಕಡೆಯಿಂದ ಸಿಳ್ಳೆ, ಹೆಂಗಸರ ಕಡೆಯಿಂದ, "ಅಯ್ಯ ನಮ್ಮಪ್ಪನ! ಮೂಕ ಬಸವಣ್ಣ ಅಂದಿದ್ವಿ, ನೋಡ್ರೆ ಇವನ ಆಟಾ!" ದೀಪಗಳು ಹಿಂದೆಂದೂ ಕಾಣದಷ್ಟು ಬೆಳ್ಳಗೆ ಉರಿದವು. ಶಾಂತವ್ವ ನನ್ನ ಮೈಮೇಲೆ ಹಾಯ್ದು ಬಾಳವ್ವನ ತೊಡೆ ಹಿಂಡಿ, "ಕೇಳಿದೇನ? ಸಮುದ್ರ ನೋಡಿ ನೀಲವ್ವನ ನೆನಪಾತಂತ!" ಎಂದರೆ ಬಾಳವ್ವ, "ಉಪ್ಪಿಗೇನ, ಸಪ್ಪಳಕ್ಕೇನ, ಕೇಳ!" ಎಂದು ಬಿದ್ದು ಬಿದ್ದು ನಕ್ಕಳು. ರೊಟ್ಟಿ ಹಂಚಿನ ನೆನಪು ಇಬ್ಬರಿಗೂ ಬರಲಿಲ್ಲ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತೆ. ಉತ್ತರ ಕೊಡಲಾಗದ ದಿನವೇ ಎಲ್ಲರಿಗೂ ನನ್ನ ವಿಷಯ ಬೇಕಾಗಿತ್ತು ನೋಡಿ. ಸಮುದ್ರ ಮತ್ತೆ ಮೊದಲಿಂದ ಎದ್ದಿತು, ಈ ಸಲ ಎಲ್ಲರೂ ಎಚ್ಚರವಾಗಿ ಮಾತಾಡುತ್ತಲೇ ನೋಡಿದರು, ಹಡಗು ಚಂದವಾಗಿ ಮುಳುಗಿತು.

ಆಟ ಮುಗಿದ ಮೇಲೆ ವಿರುಪಣ್ಣ ಮಾಸ್ತರರು ಬಣ್ಣದ ಕೈಯಲ್ಲೇ ದಾಕ್ಷಿಯ ತಲೆ ಸವರಿದರು. "ಸೀನರಿ ಎಲ್ಲಾ ಇನ್ನ ನಿಂದನವ್ವ. ಮುಂದಿನ ಆಟಕ್ಕ ಸ್ವರ್ಗ ಬೇಕು. ಆದರ ಒಂದ ಮಾತು ತಂಗಿ, ಸ್ವಲ್ಪ ಚಂದ ಕಡಿಮಿ ಮಾಡು. ಇಲ್ಲಾಂದ್ರ ದೀಪ ಆರ್ತಾವ." ದಾಕ್ಷಿ ತಲೆಯಾಡಿಸಲಿಲ್ಲ. "ಆಗೂದಿಲ್ರಿ ಮಾಸ್ತರ. ನೀವ ಮಾತಾಡವ್ರನ್ನ ಜಾಸ್ತಿ ಕೂಡಸ್ರಿ," ಎಂದಳು.

ಗಂಟಲು ಈಗ ನೆಟ್ಟಗಾಗಿದೆ. ಗಿರಣಿ ಕಟ್ಟೆಯ ಮೇಲೆ ಈ ಸುದ್ದಿಯನ್ನು ಎಷ್ಟು ಸಲ ಹೇಳಿದ್ದೇನೋ. ಮೊದಲೇ ಹೇಳಿದೆನಲ್ಲ, ಹೇಳಿದ್ದನ್ನೇ ಹೇಳಿದರೆ ಕರೆಂಟು ಇಳಿಯುತ್ತದೆ, ಹಿಟ್ಟು ರವೆಯಾಗುತ್ತದೆ. ಅದಕ್ಕೇ ನಿನ್ನೆ ಹೇಳುವಾಗ ನಡುವೆ ಎದ್ದು ಹೋಗಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಪರಪ್ಪ ಕಂಬದ ಬುಡದಲ್ಲಿ ಎದ್ದು ನಿಲ್ಲುವ ತನಕ ಬಂದಿತ್ತು ಕಥೆ. ಹಿಟ್ಟು ಇನ್ನೂ ನುಣ್ಣಗೇ ಇತ್ತು.